ಸಾಕಿದ ಜೀವದ ಕೊನೆಯ ದಿನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಾ, ಗೌರಿಬಿದನೂರು, ಕೋಲಾರ ಎಂದು ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಕೆಲಸ ಮಾಡಿ ನಿವೃತ್ತನಾದ ಮೇಲೆ ತುಮಕೂರಿನಲ್ಲಿ ಒಂದು ಚಿಕ್ಕ ಕ್ಲಿನಿಕ್ ಇಟ್ಟುಕೊಂಡಿದ್ದೇನೆ. ಹಸುವಿನ ಕೆಚ್ಚಲು ಬಾವಿನ ಬಗ್ಗೆ ಜನ ಹಗಲು ಹೊತ್ತಿನಲ್ಲಿ ಧೈರ್ಯವಾಗಿ ಕೇಳುತ್ತಾರೆ. ಸಾಯುತ್ತಿರುವ ನಾಯಿಯ ಬಗ್ಗೆ ಕೇಳಲು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಾರೆ, ಅದೂ ದನಿ ತಗ್ಗಿಸಿ. ಹಾಗೆ ಬಂದ ಪ್ರಶ್ನೆಗಳು, ಚೀಟಿಯಲ್ಲಿ ಬರೆದು ಕಳುಹಿಸಿದವು, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದವರು ಕೇಳಿದವು ಇಲ್ಲಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿದ್ದೇನೆ.

### ಮೊದಲ ಅನುಮಾನಗಳು

ನಾಯಿಗೆ ಹನ್ನೆರಡು ವರ್ಷವಾಯಿತು, ಏಳುತ್ತಿಲ್ಲ. ಇನ್ನು ಮುಗಿಯಿತು ಎಂದುಕೊಳ್ಳಬೇಕೇ ಸಾರ್?

ಮೊದಲು ರಕ್ತ ಪರೀಕ್ಷೆ ಮಾಡಿಸಿ. ವಯಸ್ಸೇ ಒಂದು ಕಾಯಿಲೆಯಲ್ಲ. ಮುಗಿಯಿತು ಎಂದು ಗೋಣಿಚೀಲದಲ್ಲಿ ಮಲಗಿಸಿ ಲಗೇಜ್ ಆಟೋದಲ್ಲಿ ತಂದ ನಾಯಿಗಳು ವಾರ ಕಳೆದು ತಾವೇ ನಡೆದುಕೊಂಡು ಮನೆಗೆ ಹೋದದ್ದನ್ನು ನೋಡಿದ್ದೇನೆ. ರಕ್ತ ಹೀರುವ ಉಣ್ಣೆ ಹುಳುವಿನಿಂದ ಬರುವ ಜ್ವರದಲ್ಲಿ ನಾಯಿ ಪೂರ್ತಿ ಕುಸಿದುಬಿಡುತ್ತದೆ, ಒಸಡು ಬಿಳಿಚಿಕೊಳ್ಳುತ್ತದೆ. ಬೇಗ ಗುರುತಿಸಿದರೆ ಮಾತ್ರೆಯಲ್ಲೇ ವಾಸಿಯಾಗುತ್ತದೆ. ಸಂತಾನಹರಣ ಮಾಡಿಸದ ಹೆಣ್ಣು ನಾಯಿಗೆ ಗರ್ಭಕೋಶದಲ್ಲಿ ಕೀವು ತುಂಬುತ್ತದೆ. ವಿಪರೀತ ನೀರು ಕುಡಿಯುತ್ತದೆ, ವಾಂತಿ ಮಾಡುತ್ತದೆ, ಮನೆಯವರು ಕಿಡ್ನಿ ಹೋಯಿತು ಎಂದುಕೊಳ್ಳುತ್ತಾರೆ. ತಡಮಾಡದೆ ಶಸ್ತ್ರಚಿಕಿತ್ಸೆ ಮಾಡಿದರೆ ಬಹಳ ನಾಯಿಗಳು ಬದುಕುತ್ತವೆ. ಜನನಾಂಗದಲ್ಲಿ ರಕ್ತ ತೊಟ್ಟಿಕ್ಕುವ ಗಡ್ಡೆ ಕಂಡು ಕ್ಯಾನ್ಸರ್ ಎಂದು ಹೆದರುತ್ತಾರೆ. ಕ್ಯಾನ್ಸರೇ ಹೌದು, ಆದರೆ ವಾರಕ್ಕೊಂದರಂತೆ ಕೆಲವು ವಾರ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿ ಕೊಟ್ಟರೆ ಹೆಚ್ಚಿನವು ಕರಗಿ ಹೋಗುತ್ತವೆ.

ಊರಿನಲ್ಲಿ ತಿಳಿಯದಿದ್ದರೆ ಜಿಲ್ಲಾ ಕೇಂದ್ರದ ಪಾಲಿಕ್ಲಿನಿಕ್ಕಿಗೆ, ಅಲ್ಲೂ ಆಗದಿದ್ದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ. ಚಿಕ್ಕಬಳ್ಳಾಪುರದವರಿಗೆ ಅದು ಬೆಂಗಳೂರು ರಸ್ತೆಯಲ್ಲೇ ಸಿಗುತ್ತದೆ. ಕಾಯಿಲೆಯ ಹೆಸರು ಗೊತ್ತಾಗುವ ಮೊದಲು ಸಾವಿನ ಮಾತು ಬೇಡ.

ನೋವಿದೆಯೋ ಇಲ್ಲವೋ ಹೇಗೆ ಗೊತ್ತಾಗುತ್ತದೆ? ಅದು ಕೂಗುವುದೇ ಇಲ್ಲವಲ್ಲ.

ಬಹಳ ದಿನದ ನೋವಿಗೆ ಪ್ರಾಣಿಗಳು ಕೂಗುವುದು ಕಡಿಮೆ. ಓಡದೆಯೂ ಏದುಸಿರು ಬಿಡುವುದು, ರಾತ್ರಿ ಜಾಗ ಬದಲಿಸುತ್ತಲೇ ಇರುವುದು, ಬೆನ್ನು ಗೂನು ಮಾಡಿ ನಿಲ್ಲುವುದು, ಒಂದೇ ಜಾಗವನ್ನು ನೆಕ್ಕುತ್ತಾ ಕೂರುವುದು, ಮುಟ್ಟಿಸಿಕೊಳ್ಳುತ್ತಿದ್ದ ನಾಯಿ ಮುಟ್ಟಿದರೆ ಗುರ್ ಎನ್ನುವುದು: ನಾಯಿಯ ನೋವು ಹೀಗೆ ಕಾಣುತ್ತದೆ. ಬೆಕ್ಕು ಇನ್ನೂ ಗುಟ್ಟಿನದು. ಅಟ್ಟದ ಮೂಲೆಯಲ್ಲೋ ಮಂಚದ ಕೆಳಗೋ ಸೇರಿಕೊಂಡು, ಕಾಲುಗಳನ್ನು ಮೈಯೊಳಗೆ ಮಡಚಿಕೊಂಡು, ಕಣ್ಣು ಅರೆಮುಚ್ಚಿ ಕೂರುತ್ತದೆ. ಮೈ ನೆಕ್ಕಿ ಶುಚಿ ಮಾಡಿಕೊಳ್ಳುವುದನ್ನು ಬಿಟ್ಟ ಬೆಕ್ಕಿನ ಕೂದಲು ಗಂಟು ಗಂಟಾಗುತ್ತದೆ. ‘ಸಾಯುವ ಬೆಕ್ಕು ಮನೆ ಬಿಟ್ಟು ಹೋಗುತ್ತದೆ’ ಎಂದು ಹಿರಿಯರು ಹೇಳುವುದುಂಟು. ನನ್ನ ಮಟ್ಟಿಗೆ, ಅದು ಎಲ್ಲೋ ನೋವಿನಲ್ಲಿ ಅಡಗಿ ಕುಳಿತಿರುತ್ತದೆ, ಅಷ್ಟೆ. ಹುಡುಕಿ ತನ್ನಿ.

ನಾವು ನುಂಗುವ ನೋವಿನ ಮಾತ್ರೆಯನ್ನೇ ಅರ್ಧ ಕೊಡಬಹುದೇ?

ಕೂಡದು. ಬೆಕ್ಕಿಗೆ ಪ್ಯಾರಸಿಟಮಾಲ್ ವಿಷ, ಒಂದೇ ಮಾತ್ರೆ ಸಾಕು ಪ್ರಾಣ ತೆಗೆಯಲು. ನಾಯಿಗೆ ಐಬುಪ್ರೊಫೇನ್ ಕೊಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ. ಪ್ರಾಣಿಗಳಿಗೆಂದೇ ನೋವು ನಿವಾರಕಗಳಿವೆ, ತೂಕ ನೋಡಿ ವೈದ್ಯರು ಬರೆದುಕೊಡುತ್ತಾರೆ.

ಹಾಲು ಅನ್ನ, ಮುದ್ದೆ ಯಾವುದನ್ನೂ ಮುಟ್ಟುತ್ತಿಲ್ಲ. ಬಾಯಿ ಬಿಡಿಸಿ ತಿನ್ನಿಸೋಣವೇ?

ವಾಸಿಯಾಗುವ ಕಾಯಿಲೆಯಾದರೆ ಕೊಳವೆಯಿಂದಲೋ ಡ್ರಿಪ್‌ನಿಂದಲೋ ಆಹಾರ ಕೊಡುವುದಕ್ಕೆ ಅರ್ಥವಿದೆ. ವಾಸಿಯಾಗದ್ದು ಎಂದು ಖಚಿತವಾದ ಮೇಲೆ ದವಡೆ ಹಿಡಿದು ತುರುಕಬೇಡಿ. ಶ್ವಾಸನಾಳಕ್ಕೆ ಹೋಗಿ ಇನ್ನೊಂದು ಕಾಯಿಲೆ ತರುತ್ತದೆ. ಬೆಚ್ಚಗೆ, ವಾಸನೆ ಬರುವಂಥದ್ದನ್ನು ಮೂಗಿನ ಹತ್ತಿರ ಹಿಡಿಯಿರಿ. ಕ್ಯಾತ್ಸಂದ್ರದಿಂದ ಬರುತ್ತಿದ್ದ ಒಂದು ಮುದಿ ನಾಯಿ ಎಲ್ಲವನ್ನೂ ಬಿಟ್ಟ ಮೇಲೂ ತಟ್ಟೆ ಇಡ್ಲಿಯ ಅಂಚನ್ನು ಮಾತ್ರ ಕಚ್ಚುತ್ತಿತ್ತು. ಮಾಲೀಕರು ದಿನವೂ ಬೆಳಿಗ್ಗೆ ಒಂದು ತಂದು, ಅಂಚು ಅದಕ್ಕೆ ಕೊಟ್ಟು, ನಡುವಿನದನ್ನು ತಾವು ತಿನ್ನುತ್ತಿದ್ದರು.

### ತೀರ್ಮಾನದ ದಿನಗಳು

ಸಮಯ ಬಂದಿದೆ ಎಂದು ಹೇಗೆ ತಿಳಿಯುವುದು? ನೀವೇ ಹೇಳಿಬಿಡಿ.

ಅತಿ ಹೆಚ್ಚು ಬರುವ ಪ್ರಶ್ನೆ ಇದು. ನನ್ನ ಅನುಭವದಲ್ಲಿ ಇದನ್ನು ಕೇಳುವವರಲ್ಲಿ ಹೆಚ್ಚಿನವರು ಒಂದು ವಾರ ತಡವಾಗಿ ಕೇಳುತ್ತಾರೆ.

ಅಮೆರಿಕದ ಪಶುವೈದ್ಯೆ ಆಲಿಸ್ ವಿಲ್ಲಾಲೊಬೋಸ್ ಒಂದು ಅಳತೆಯನ್ನು ಕೊಟ್ಟಿದ್ದಾರೆ. ನೋವು ಹತೋಟಿಯಲ್ಲಿದೆಯೇ, ತಿನ್ನುತ್ತಿದೆಯೇ, ನೀರಿನಂಶ ಸಾಕಷ್ಟಿದೆಯೇ, ಮೈ ಶುಚಿಯಾಗಿದೆಯೇ, ಸಂತೋಷವಿದೆಯೇ, ಓಡಾಡುತ್ತದೆಯೇ, ಕೆಟ್ಟ ದಿನಗಳಿಗಿಂತ ಒಳ್ಳೆಯ ದಿನಗಳು ಹೆಚ್ಚಿವೆಯೇ. ಈ ಏಳಕ್ಕೂ ಹತ್ತರಲ್ಲಿ ಅಂಕ ಕೊಡಬೇಕು. ಎಪ್ಪತ್ತರಲ್ಲಿ ಮೂವತ್ತೈದಕ್ಕಿಂತ ಹೆಚ್ಚು ಬಂದರೆ ಆರೈಕೆ ಮುಂದುವರಿಸಬಹುದು. ಮನೆಯಲ್ಲಿ ಒಬ್ಬರೇ ಅಂಕ ಕೊಡಬೇಡಿ. ಇಬ್ಬರು ಬೇರೆ ಬೇರೆ ಬರೆದು ಆಮೇಲೆ ಹೋಲಿಸಿ. ಹೆಚ್ಚು ಪ್ರೀತಿಸುವವರು ಹೆಚ್ಚು ಅಂಕ ಕೊಡುತ್ತಾರೆ, ಹಾಸಿಗೆ ಒಗೆಯುವವರು ಸರಿಯಾದ ಅಂಕ ಕೊಡುತ್ತಾರೆ.

ಲೆಕ್ಕ ಬೇಡವೆನ್ನುವವರಿಗೆ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ತೋರಿಸುತ್ತೇನೆ. ಒಳ್ಳೆಯ ದಿನಕ್ಕೆ ಒಂದು ಚುಕ್ಕೆ, ಕೆಟ್ಟ ದಿನಕ್ಕೆ ಒಂದು ಗೆರೆ. ಗೆರೆಗಳು ಒಂದರ ಪಕ್ಕ ಒಂದು ಬೀಳತೊಡಗಿದರೆ ನನಗೆ ಫೋನ್ ಮಾಡಿ.

ಇಷ್ಟೆಲ್ಲ ಹೇಳುವ ನಾನೇ ನನ್ನ ನಾಯಿಯ ವಿಷಯದಲ್ಲಿ ತಪ್ಪಿದೆ. ಕೆಂಚ ಎಂದು ಅದರ ಹೆಸರು. ನಾನು ಅಂಗಳದಲ್ಲಿ ಸ್ಕೂಟರಿನ ಸ್ಟ್ಯಾಂಡ್ ಹಾಕಿದ ಸದ್ದಿಗೆ ಅದರ ಎಡಗಿವಿ ನೆಟ್ಟಗಾಗುತ್ತಿತ್ತು. ಬಲಗಿವಿ ಮರಿಯಾಗಿದ್ದಾಗಲೇ ಹರಿದು ಜೋತುಬಿದ್ದಿತ್ತು. ಕಿಡ್ನಿ ಕೈಕೊಟ್ಟ ಮೇಲೆ ದಿನಾ ಚರ್ಮದಡಿ ಸಲೈನ್ ಕೊಡುತ್ತಿದ್ದೆ. ಒಂದು ಸಂಜೆ ಸ್ಟ್ಯಾಂಡ್ ಹಾಕಿದೆ, ಕಿವಿ ಅಲುಗಲಿಲ್ಲ. ಅವತ್ತೇ ಗೊತ್ತಾಯಿತು. ಆದರೂ ಒಂಬತ್ತು ದಿನ ಸಲೈನ್ ಮುಂದುವರಿಸಿದೆ. ಆ ಒಂಬತ್ತು ದಿನ ಕೆಂಚನಿಗೆ ಬೇಕಾಗಿರಲಿಲ್ಲ, ನನಗೆ ಬೇಕಾಗಿತ್ತು.

ಸೂಜಿ ಹಾಕಿಸಿ ಕೊಲ್ಲುವುದು ಪಾಪವಲ್ಲವೇ? ಅದರ ಪಾಡಿಗೆ ಅದು ಹೋಗಲಿ ಎಂದು ನಮ್ಮ ಅತ್ತೆ ಹೇಳುತ್ತಾರೆ.

ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕಲಾರೆ. ಎಷ್ಟೋ ಪ್ರಾಣಿಗಳು ನಿಜಕ್ಕೂ ನೆಮ್ಮದಿಯಾಗಿ, ನಿದ್ದೆಯಲ್ಲೇ ಹೋಗುತ್ತವೆ. ಆದರೆ ಕಿಡ್ನಿ ಪೂರ್ತಿ ಹೋದ ನಾಯಿಯಾಗಲಿ, ಶ್ವಾಸಕೋಶದಲ್ಲಿ ನೀರು ತುಂಬಿದ ಬೆಕ್ಕಾಗಲಿ ಹಾಗೆ ಹೋಗುವುದು ಅಪರೂಪ. ವಾಂತಿ, ಫಿಟ್ಸ್, ಉಸಿರಿಗೆ ಒದ್ದಾಟ ಇವೆಲ್ಲ ಮುಗಿಯಲು ದಿನಗಟ್ಟಲೆ ಹಿಡಿಯಬಹುದು. ಮನಸ್ಸು ಒಪ್ಪದಿದ್ದರೆ ಸೂಜಿ ಬೇಡ. ಆದರೆ ನೋವಿಗೆ ಔಷಧಿ ಕೊಡಿಸಿ, ಮೆತ್ತನೆಯ ಹಾಸಿಗೆ ಹಾಕಿ, ಎರಡು ಮೂರು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಬಾಯಿ ಒದ್ದೆ ಮಾಡುತ್ತಿರಿ. ಅದೂ ಚಿಕಿತ್ಸೆಯೇ. ಸೂಜಿಯೂ ಬೇಡ, ಔಷಧಿಯೂ ಬೇಡ, ಹಿತ್ತಲಲ್ಲಿ ಕಟ್ಟಿಹಾಕಿ ‘ದೇವರಿಟ್ಟಂತೆ ಆಗಲಿ’ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ಕಾನೂನು ಇದಕ್ಕೆ ಒಪ್ಪುತ್ತದೆಯೇ? ಊರಿನಲ್ಲಿ ಒಬ್ಬರು ಔಷಧಿ ಹಾಕಿ ಮುಗಿಸುತ್ತೇವೆ ಎನ್ನುತ್ತಾರೆ.

ವಾಸಿಯಾಗದ ಕಾಯಿಲೆಯಿಂದಲೋ ಗಾಯದಿಂದಲೋ ನರಳುವ ಪ್ರಾಣಿಗೆ ನೋಂದಾಯಿತ ಪಶುವೈದ್ಯರು ದಯಾಮರಣ ನೀಡಬಹುದು. ನಿಮ್ಮಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳುತ್ತಾರೆ. ಊರಿನವರು ಹೇಳುವ ‘ಔಷಧಿ’ ಎಂದರೆ ಬೆಳೆಗೆ ಹೊಡೆಯುವ ಕೀಟನಾಶಕ. ಅದು ಚಿತ್ರಹಿಂಸೆ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಪ್ರಕಾರ ಪ್ರಾಣಿಗೆ ವಿಷವಿಕ್ಕಿದವರಿಗೆ ಐದು ವರ್ಷದವರೆಗೆ ಜೈಲು ಆಗಬಹುದು.

ಮನೆ ಬದಲಾಯಿಸುತ್ತಿದ್ದೇವೆ, ನಾಯಿ ಆರೋಗ್ಯವಾಗಿದೆ. ಬೇರೆಯವರ ಹತ್ತಿರ ಕಷ್ಟಪಡುವುದಕ್ಕಿಂತ ಮಲಗಿಸಿಬಿಡಬಹುದೇ?

ನಾನು ಮಾಡುವುದಿಲ್ಲ. ದೇವರಾಯನದುರ್ಗದ ರಸ್ತೆಯಲ್ಲೋ ನಂದಿಬೆಟ್ಟದ ಬುಡದಲ್ಲೋ ಇಳಿಸಿ ಬರುವ ಯೋಚನೆಯೂ ಬೇಡ. ಹಸಿದು ಸಾಯುವಂತೆ ಪ್ರಾಣಿಯನ್ನು ಬಿಟ್ಟುಬರುವುದೂ ಅದೇ 1960ರ ಕಾಯ್ದೆಯಡಿ ಅಪರಾಧ. ಎರಡು ತಿಂಗಳು ಸಮಯ ಕೊಡಿ, ಮನೆ ಹುಡುಕಲು ನಾನೂ ಸೇರುತ್ತೇನೆ.

### ಆ ದಿನ

ಸೂಜಿ ಹಾಕಿದಾಗ ಏನಾಗುತ್ತದೆ? ಒದ್ದಾಡುತ್ತದೆಯೇ?

ಸರಿಯಾಗಿ ಮಾಡಿದರೆ ಒದ್ದಾಡುವುದಿಲ್ಲ. ಮೊದಲು ಮಾಂಸಖಂಡಕ್ಕೆ ಮಂಪರಿನ ಸೂಜಿ. ಹತ್ತು ಹದಿನೈದು ನಿಮಿಷದಲ್ಲಿ ತಲೆ ಭಾರವಾಗಿ ನಿಮ್ಮ ತೊಡೆಯ ಮೇಲೆ ಒರಗುತ್ತದೆ. ಮುಂಗಾಲಿನ ಕೂದಲನ್ನು ಸ್ವಲ್ಪ ಬೋಳಿಸಿ ರಕ್ತನಾಳಕ್ಕೆ ಕೊಳವೆ ಹಾಕುತ್ತೇವೆ. ಅದರ ಮೂಲಕ ಅರಿವಳಿಕೆ ಔಷಧಿಯನ್ನು, ಶಸ್ತ್ರಚಿಕಿತ್ಸೆಗೆ ಕೊಡುವುದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಕೊಡುತ್ತೇವೆ. ಮೊದಲು ಪ್ರಜ್ಞೆ, ಆಮೇಲೆ ಉಸಿರು, ಆಮೇಲೆ ಹೃದಯ ನಿಲ್ಲುತ್ತದೆ. ಸಾಮಾನ್ಯವಾಗಿ ಒಂದೆರಡು ನಿಮಿಷದ ಮಾತು.

ಮೊದಲೇ ಹೇಳದಿದ್ದರೆ ಗಾಬರಿಯಾಗುವ ಕೆಲವು ಸಂಗತಿಗಳಿವೆ. ಕಣ್ಣು ತೆರೆದೇ ಇರುತ್ತದೆ. ಹೃದಯ ನಿಂತ ಮೇಲೂ ಒಮ್ಮೆ ದೊಡ್ಡದಾಗಿ ಉಸಿರೆಳೆದಂತೆ ಆಗಬಹುದು, ಮೈ ಅದುರಬಹುದು, ಮೂತ್ರ ಹೋಗಬಹುದು. ಇವು ಜೀವವಿರುವ ಲಕ್ಷಣಗಳಲ್ಲ. ಸ್ಟೆತಾಸ್ಕೋಪ್ ಇಟ್ಟು ಕೇಳಿ ಖಚಿತಪಡಿಸುವವರೆಗೆ ವೈದ್ಯರು ಜಾಗ ಬಿಟ್ಟು ಏಳಬಾರದು.

ಒಂದು ಪ್ರಶ್ನೆಯನ್ನು ನೀವು ಸಂಕೋಚವಿಲ್ಲದೆ ಕೇಳಲೇಬೇಕು: ‘ಮೊದಲು ಪ್ರಜ್ಞೆ ತಪ್ಪಿಸುತ್ತೀರಾ ಡಾಕ್ಟರೇ?’ ಪೊಟ್ಯಾಸಿಯಂ ಕ್ಲೋರೈಡ್ ಅಥವಾ ಮೆಗ್ನೀಸಿಯಂ ಸಲ್ಫೇಟ್ ಅನ್ನು ಎಚ್ಚರವಿರುವ ಪ್ರಾಣಿಗೆ ನೇರವಾಗಿ ಕೊಡುವುದು ಕ್ರೌರ್ಯ. ಆಳವಾದ ಅರಿವಳಿಕೆಯಲ್ಲಿರುವಾಗ ಮಾತ್ರ ಅವನ್ನು ಬಳಸಬಹುದು. ಉತ್ತರ ತೃಪ್ತಿಯಾಗದಿದ್ದರೆ ಬೇರೆ ವೈದ್ಯರನ್ನು ನೋಡಿ. ಹಣದ ಲೆಕ್ಕವನ್ನೂ ಮೊದಲೇ ಮುಗಿಸಿಬಿಡಿ. ಅತ್ತುಕೊಂಡು ಚಿಲ್ಲರೆ ಎಣಿಸುವುದು ಯಾರಿಗೂ ಬೇಡ.

ನಾನು ಹತ್ತಿರ ಇರಲೇಬೇಕೇ? ನೋಡಲು ಆಗುವುದಿಲ್ಲ.

ಆಗದಿದ್ದರೆ ಬಲವಂತವಿಲ್ಲ. ಮಂಪರು ಬರುವವರೆಗಾದರೂ ಇರಿ. ಅಷ್ಟು ಹೊತ್ತು ಅದಕ್ಕೆ ನಿಮ್ಮ ವಾಸನೆ, ನಿಮ್ಮ ದನಿ ಸಿಗಲಿ. ಆಮೇಲೆ ಹೊರಗೆ ಹೋಗಬಹುದು, ಅದಕ್ಕೆ ತಿಳಿಯುವುದಿಲ್ಲ. ಸಾಧ್ಯವಾದರೆ ವೈದ್ಯರನ್ನೇ ಮನೆಗೆ ಕರೆಸಿ. ಗೌರಿಬಿದನೂರಿನ ಹತ್ತಿರದ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜ ಹುಣಸೆ ಮರದ ಕೆಳಗೆ, ತನ್ನ ಹಳೆಯ ಕಂಬಳಿಯ ಮೇಲೆ ನಾಯಿಯನ್ನು ಮಲಗಿಸಿಕೊಂಡು ಕೂತಿದ್ದರು. ನಾನು ಸೂಜಿ ಹಾಕುವಾಗ ಅವರು ನನ್ನನ್ನು ನೋಡಲೇ ಇಲ್ಲ. ಅದರ ಕುತ್ತಿಗೆಯ ಉಣ್ಣೆಗಳನ್ನು ಒಂದೊಂದಾಗಿ ಕಿತ್ತು ಸೀಮೆಎಣ್ಣೆಯ ಬಟ್ಟಲಿಗೆ ಹಾಕುತ್ತಿದ್ದರು. ಎಲ್ಲ ಮುಗಿದ ಮೇಲೂ ಇನ್ನೆರಡು ಕಿತ್ತರು.

ಎಲ್ಲಿ ಹೂಳುವುದು? ನಮ್ಮದು ಬಾಡಿಗೆ ಮನೆ.

ಸ್ವಂತ ಜಮೀನಿದ್ದರೆ ಬಾವಿ, ಕೊಳವೆಬಾವಿಯಿಂದ ದೂರದಲ್ಲಿ ನಾಲ್ಕು ಅಡಿಯಾದರೂ ಆಳಕ್ಕೆ ತೆಗೆಯಿರಿ. ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್‌ನಲ್ಲಿ ಬೇಡ. ಮೇಲೆ ಸುಣ್ಣ, ಮಣ್ಣು, ಕೊನೆಗೆ ಚಪ್ಪಡಿಯೋ ಭಾರದ ಕಲ್ಲುಗಳೋ ಇರಲಿ. ಕೋಲಾರದ ಕಡೆ ಎರಡಡಿಗೇ ಬಂಡೆ ಸಿಗುತ್ತದೆ. ಹಾರೆ ಗುದ್ದಲಿಯಿಂದ ಆಗದಿದ್ದರೆ ಪಕ್ಕದ ಹೊಲಕ್ಕೆ ಬಂದ ಜೆಸಿಬಿಯವರನ್ನು ಹತ್ತು ನಿಮಿಷ ಕೇಳಿಕೊಳ್ಳಿ, ಇಲ್ಲ ಎನ್ನುವುದಿಲ್ಲ. ಆಳದ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯಲು ಕಾರಣವಿದೆ. ದಯಾಮರಣದ ಔಷಧಿ ಆ ದೇಹದಲ್ಲಿ ಬಹಳ ಕಾಲ ಉಳಿಯುತ್ತದೆ. ಕಿತ್ತು ತಿಂದ ಬೀದಿನಾಯಿ, ನರಿ, ಹದ್ದುಗಳೂ ಸಾಯಬಹುದು.

ಜಾಗವಿಲ್ಲದವರು ನಗರಸಭೆ ಅಥವಾ ಪಾಲಿಕೆಗೆ ತಿಳಿಸಬಹುದು. ಬೆಂಗಳೂರಿನಲ್ಲಿ ಕೆಂಗೇರಿಯ ಬಳಿ ಸಾಕುಪ್ರಾಣಿಗಳ ರುದ್ರಭೂಮಿ, ಸುಮನಹಳ್ಳಿಯಲ್ಲಿ ಪ್ರಾಣಿಗಳ ಚಿತಾಗಾರ ಇವೆ. ಫೋನ್ ಮಾಡಿಕೊಂಡು ಹೊರಡಿ. ಅಮಾನಿಕೆರೆಗೋ ಕೋಲಾರಮ್ಮನ ಕೆರೆಗೋ ಚೀಲ ಕಟ್ಟಿ ಎಸೆಯುವವರಿಗೆ ಹೇಳುವ ಮಾತು ನನ್ನಲ್ಲಿದೆ, ಇಲ್ಲಿ ಬರೆಯುವಂಥದ್ದಲ್ಲ.

### ಆಮೇಲೆ

‘ನಾಯಿ ತಾನೇ, ಇನ್ನೊಂದು ತಂದರಾಯಿತು’ ಎನ್ನುತ್ತಾರೆ. ನಾನು ಅತಿ ಮಾಡುತ್ತಿದ್ದೇನೆಯೇ?

ನಾಯಿಗಾಗಿ ಅಳುವುದು ಪೇಟೆಯವರ ಹೊಸ ಶೋಕಿ ಎನ್ನುವವರಿಗೆ ಆತಕೂರು ಶಾಸನದ ಕಥೆ ಹೇಳಿ. ಕ್ರಿ.ಶ. 949-50ರ ಸುಮಾರಿನದು, ಇಂದಿನ ಮಂಡ್ಯ ಜಿಲ್ಲೆಯಲ್ಲಿ ಸಿಕ್ಕಿದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರನಿಗೆ ಗಂಗರ ದೊರೆ ಬೂತುಗ ‘ಏನು ಬೇಕು ಕೇಳು’ ಎಂದ. ಮಣಲೆರ ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅವನು ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಆ ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟಲಿ ಎಂದು ಬರೆಸಿದ. ನಾಯಿಯೂ ಹಂದಿಯೂ ಹೆಣೆದುಕೊಂಡ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಯುದ್ಧ ಗೆದ್ದು ಬಂದ ಗಂಡಸು ನಾಯಿಗಾಗಿ ಇಷ್ಟು ಮಾಡಿದ. ನೀವು ಎರಡು ದಿನ ರಜೆ ಹಾಕಿ ಅತ್ತರೆ ಏನೂ ಅತಿಯಾಗುವುದಿಲ್ಲ. ರಜೆಯ ಅರ್ಜಿಯಲ್ಲಿ ‘ವೈಯಕ್ತಿಕ ಕಾರಣ’ ಎಂದು ಬರೆಯಿರಿ, ಸಾಕು.

ತಿಥಿ ಮಾಡಬಹುದೇ?

ಪುರೋಹಿತರನ್ನು ಕೇಳಿದರೆ ಇಲ್ಲ ಎನ್ನುತ್ತಾರೆ. ಜನ ಕೇಳುವುದಿಲ್ಲ, ತಮಗೆ ತೋಚಿದ್ದನ್ನು ಮಾಡುತ್ತಾರೆ. ಹನ್ನೊಂದನೆಯ ದಿನ ಬೀದಿನಾಯಿಗಳಿಗೆ ಮೊಸರನ್ನ ಹಾಕುವ ಮನೆಗಳಿವೆ. ಮಾಲೂರಿನ ಒಬ್ಬ ತಾಯಿ ಮಹಾಲಯ ಅಮಾವಾಸ್ಯೆಯಂದು ಹಿರಿಯರಿಗೆ ಎಡೆ ಇಟ್ಟ ಮೇಲೆ, ಬಾಗಿಲಾಚೆ ಒಂದು ಮುತ್ತುಗದ ಎಲೆಯಲ್ಲಿ ಒಂದು ವಡೆ ಇಡುತ್ತಾರೆ. ಯಾರ ಹೆಸರನ್ನೂ ಹೇಳುವುದಿಲ್ಲ.

ಮಗಳಿಗೆ ಆರು ವರ್ಷ. ಹಳ್ಳಿಗೆ ಕಳುಹಿಸಿದ್ದೇವೆ ಎಂದು ಹೇಳಿದ್ದೇವೆ. ಸರಿಯೇ?

ದಸರಾ ರಜೆಗೆ ಹಳ್ಳಿಗೆ ಹೋದಾಗ ಏನು ಮಾಡುತ್ತೀರಿ? ‘ಸತ್ತುಹೋಯಿತು’ ಎಂಬ ಪದವನ್ನೇ ಬಳಸಿ. ‘ನಿದ್ದೆ ಮಾಡುತ್ತಿದೆ’ ಎಂದರೆ ಮಗು ನಿದ್ದೆಗೇ ಹೆದರುತ್ತದೆ. ಹೂಳುವಾಗ ಹಿಡಿ ಮಣ್ಣು ಹಾಕುತ್ತೇನೆ ಎಂದರೆ ಹಾಕಲಿ, ಒಲ್ಲೆ ಎಂದರೆ ಬಿಡಿ.

ನಾನೇ ಸಹಿ ಹಾಕಿದೆ. ನಾನೇ ಕೊಂದೆ ಅನ್ನಿಸುತ್ತದೆ.

ಸಹಿ ಹಾಕಿದ ಬಹುತೇಕ ಎಲ್ಲರೂ ಇದನ್ನೇ ಹೇಳುತ್ತಾರೆ. ಸಹಿ ಹಾಕದವರು ‘ಸುಮ್ಮನೆ ನರಳಿಸಿದೆ’ ಎನ್ನುತ್ತಾರೆ. ಯಾವ ದಾರಿ ಹಿಡಿದರೂ ಮನಸ್ಸು ಇನ್ನೊಂದು ದಾರಿಯನ್ನು ತೋರಿಸಿ ಚುಚ್ಚುತ್ತದೆ. ಕಾಯಿಲೆಯ ಚೀಟಿಗಳನ್ನು ಎಸೆಯಬೇಡಿ. ಒಂದು ತಿಂಗಳು ಬಿಟ್ಟು ಅವನ್ನು ಹಿಡಿದುಕೊಂಡು ಬನ್ನಿ, ಕೂತು ಓದೋಣ. ಆ ದಿನ ನಿಮ್ಮ ಕಣ್ಣಿಗೆ ಬೀಳದ, ಕಿಡ್ನಿ ಎಷ್ಟು ಕೆಟ್ಟಿತ್ತು ಎಂದು ಹೇಳುವ ಕ್ರಿಯಾಟಿನಿನ್ ಅಂಕಿ ಆಗ ಕಾಣುತ್ತದೆ.

ಜೊತೆಯಲ್ಲಿದ್ದ ಬೆಕ್ಕು ಊಟ ಬಿಟ್ಟಿದೆ. ಅದಕ್ಕೂ ದುಃಖವೇ?

ಜೊತೆಗಾರನನ್ನು ಹುಡುಕುವುದು, ಮಂಕಾಗುವುದು ಉಂಟು. ಸಾಧ್ಯವಿದ್ದರೆ ಹೂಳುವ ಮೊದಲು ಮೂಸಲು ಬಿಡಿ. ಊಟದ ಹೊತ್ತು ಬದಲಿಸಬೇಡಿ. ನಾಯಿ ಒಂದೆರಡು ದಿನ ಉಪವಾಸವಿದ್ದರೂ ತಡೆದುಕೊಳ್ಳುತ್ತದೆ. ಬೆಕ್ಕು, ಅದರಲ್ಲೂ ದಪ್ಪ ಬೆಕ್ಕು, ಎರಡು ಮೂರು ದಿನ ಏನೂ ತಿನ್ನದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೇ ಬರುತ್ತದೆ. ಎರಡನೆಯ ದಿನವೇ ವೈದ್ಯರಲ್ಲಿಗೆ ತನ್ನಿ.

### ಸ್ವಲ್ಪ ತೊಡಕಿನವು

ನಾಯಿ ಜೊಲ್ಲು ಸುರಿಸುತ್ತಾ, ನೀರು ನುಂಗಲಾರದೆ ಸತ್ತಿತು. ಮಕ್ಕಳು ತಬ್ಬಿಕೊಂಡು ಅತ್ತಿದ್ದಾರೆ.

ಅಳುವುದನ್ನು ನಾಳೆಗೆ ಇಟ್ಟುಕೊಳ್ಳಿ. ಇದು ಹುಚ್ಚುನಾಯಿ ರೋಗವಿರಬಹುದು, ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಚಿಕಿತ್ಸೆಯಿಲ್ಲ. ಕಚ್ಚಿದ, ಪರಚಿದ, ಜೊಲ್ಲು ತಾಗಿದ ಜಾಗವನ್ನು ಹರಿಯುವ ನೀರು ಮತ್ತು ಸೋಪಿನಿಂದ ಹದಿನೈದು ನಿಮಿಷ ತೊಳೆದು ಈಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಲಸಿಕೆಯನ್ನು ಕೊನೆಯ ಡೋಸ್‌ವರೆಗೆ ಪೂರ್ತಿ ಮಾಡಿಸಿ. ದೇಹವನ್ನು ಬರಿಗೈಯಲ್ಲಿ ಮುಟ್ಟಬೇಡಿ. ರೋಗ ಹೌದೋ ಅಲ್ಲವೋ ಖಚಿತಪಡಿಸುವ ಪ್ರಯೋಗಾಲಯ ಹೆಬ್ಬಾಳದ ಕಾಲೇಜಿನಲ್ಲಿದೆ, ಹತ್ತಿರದ ಪಶುವೈದ್ಯರ ಮೂಲಕ ಕಳುಹಿಸಬೇಕು. ವರದಿಗಾಗಿ ಲಸಿಕೆಯನ್ನು ತಡೆಹಿಡಿಯಬೇಡಿ.

ಮರಿ ಪಾರ್ವೋದಿಂದ ಸತ್ತಿತು. ಮನೆಯವರ ಸಂಕಟ ನೋಡಲಾರೆ, ನಾಳೆಯೇ ಇನ್ನೊಂದು ತರಲೇ?

ತಂದರೆ ಅದೂ ಸಾಯಬಹುದು. ಪಾರ್ವೋ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ. ಹಾಸಿಗೆ ಸುಟ್ಟು, ನೆಲವನ್ನು ಬ್ಲೀಚಿಂಗ್ ದ್ರಾವಣದಿಂದ ತೊಳೆಯಿರಿ. ಆಮೇಲೂ ಲಸಿಕೆ ಪೂರ್ತಿಯಾದ ನಾಯಿಯನ್ನೇ ತನ್ನಿ. ಬೇರೆ ಕಾರಣಕ್ಕೆ ಸತ್ತಿದ್ದರೆ ಯಾವಾಗ ತರಬೇಕೆಂಬುದಕ್ಕೆ ಲೆಕ್ಕವಿಲ್ಲ. ಹಳೆಯದರ ಹೆಸರನ್ನು ಮಾತ್ರ ಹೊಸದಕ್ಕೆ ಇಡಬೇಡಿ ಎಂಬುದು ನನ್ನ ಅಭಿಪ್ರಾಯ.

ನಮ್ಮದು ನಾಯಿಯಲ್ಲ, ಹಸು. ಹದಿನಾಲ್ಕು ವರ್ಷ ಹಾಲು ಕೊಟ್ಟಿದೆ, ಈಗ ಏಳುವುದಿಲ್ಲ.

ಹಾಲಿನ ನಾಡಾದ ಕೋಲಾರದಲ್ಲಿ ಈ ಪ್ರಶ್ನೆ ಕೇಳದ ವರ್ಷವಿರಲಿಲ್ಲ. ಹಸುವಿನ ವಿಷಯದಲ್ಲಿ ತೀರ್ಮಾನ ನಿಮ್ಮದೊಂದೇ ಅಲ್ಲ. ಕರ್ನಾಟಕದಲ್ಲಿ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ, 2020 ಇದೆ. ಸರ್ಕಾರಿ ಪಶುವೈದ್ಯರು ನೋಡಿ ಬರೆದುಕೊಡದೆ ಏನೂ ಮಾಡಬೇಡಿ. 1962ಕ್ಕೆ ಕರೆ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೆ ಬರುತ್ತದೆ. ಮಲಗಿದ ಹಸುವಿಗೆ ಹುಲ್ಲಿನ ದಪ್ಪ ಹಾಸು ಹಾಕಿ, ದಿನಕ್ಕೆ ಹಲವು ಸಲ ಮಗ್ಗುಲು ಬದಲಿಸಿ. ವಿಮೆ ಇದ್ದರೆ ಸತ್ತ ಕೂಡಲೇ ಹೂಳಬೇಡಿ, ಕಿವಿಯೋಲೆ (ಗುರುತಿನ ಟ್ಯಾಗ್) ಕೀಳಬೇಡಿ. ವಿಮೆಯವರಿಗೆ ತಿಳಿಸಿ, ಮರಣೋತ್ತರ ಪರೀಕ್ಷೆ ಮಾಡಿಸಿ, ಕಿವಿಯೋಲೆ ಕಾಣುವಂತೆ ಫೋಟೋ ತೆಗೆಸಿ. ಕಣ್ಣೀರಿನ ನಡುವೆ ಇದನ್ನು ಹೇಳಲು ಮುಜುಗರವಾಗುತ್ತದೆ. ಆದರೆ ಮುಂದಿನ ಹಸು ಬರುವುದು ಆ ಹಣದಿಂದಲೇ.

ಅಪ್ಪ ಒಬ್ಬರೇ ಇರುವುದು. ನಾಯಿ ಹೋಗಿ ಎರಡು ತಿಂಗಳಾಯಿತು, ಇನ್ನೂ ಅದರ ತಟ್ಟೆಗೆ ಅನ್ನ ಹಾಕುತ್ತಾರೆ. ಏನು ಮಾಡಲಿ?

ಅನ್ನ ಹಾಕಲಿ, ಅದರಿಂದ ತೊಂದರೆಯಿಲ್ಲ. ಅವರು ತಾವು ಉಣ್ಣುತ್ತಿದ್ದಾರೆಯೇ, ಮಲಗುತ್ತಿದ್ದಾರೆಯೇ, ಮನೆಯಿಂದ ಹೊರಗೆ ಬರುತ್ತಿದ್ದಾರೆಯೇ ನೋಡಿ. ಇವು ತಪ್ಪಿದ್ದರೆ, ಬದುಕು ಸಾಕು ಎಂಬ ಮಾತು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೂ ತೋರಿಸಿ. ನಾಯಿ ಸತ್ತಾಗ ಅವರ ದಿನಚರಿಯೂ ಸತ್ತಿದೆ ಎಂಬುದನ್ನು ಮರೆಯಬೇಡಿ. ಬೆಳಗಿನ ಐದು ಗಂಟೆಯ ನಡಿಗೆಗೆ ಇನ್ನು ನೆಪವಿಲ್ಲ. ಒಂದು ವಾರ ರಜೆ ಹಾಕಿ ಊರಿಗೆ ಹೋಗಿ, ಐದಕ್ಕೆ ಎದ್ದು ಅವರ ಜೊತೆ ಹೊರಡಿ. ನಾಯಿ ನಿಲ್ಲುತ್ತಿದ್ದ ಕಂಬದ ಹತ್ತಿರ ಅವರು ನಿಲ್ಲುತ್ತಾರೆ. ನೀವೂ ನಿಲ್ಲಿ.